ಊರಿನ ಕಲ್ಲಿಗೆ ಫಲಕ ಬರೆಯುವ ಕೆಲಸ

ಜನರ ನಡುವೆ ಇತಿಹಾಸದ ಕೆಲಸ ಮಾಡಲು ಅನುಭವ ಕೇಳುತ್ತಾರೆ. ಅದನ್ನು ನಾನು ಗಳಿಸಿದ್ದು ಮಂಡ್ಯ ಜಿಲ್ಲೆಯಲ್ಲಿ, ಒಂದು ಸಲಕ್ಕೆ ಒಂದೇ ಊರು ಹಿಡಿದು, ಅಲ್ಲಿನ ಶಾಸನ, ವೀರಗಲ್ಲುಗಳನ್ನು ದಾಖಲಿಸಿ, ಊರವರು ಓದುವಂಥ ಫಲಕ ಬರೆದು.

ಹೊರಡುವ ಮೊದಲು ಎಪಿಗ್ರಾಫಿಯಾ ಕರ್ನಾಟಿಕಾ, ಅಂದರೆ ನಾಡಿನ ಶಾಸನಗಳನ್ನು ತಾಲ್ಲೂಕುವಾರು ಅಚ್ಚು ಮಾಡಿರುವ ಸಂಪುಟಗಳನ್ನು, ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ 6ನೇ ಸಂಪುಟದಲ್ಲಿವೆ. ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ 7ರಲ್ಲಿ. ಶಾಸನದ ಸಂಖ್ಯೆ, ಪಾಠ, ಕಲ್ಲಿದ್ದ ಜಾಗ ಬರೆದುಕೊಳ್ಳಿ. ಜಾಗವನ್ನು ಮಾತ್ರ ಪೂರ್ತಿ ನಂಬಬೇಡಿ. ಗುಡಿ ಜೀರ್ಣೋದ್ಧಾರ, ರಸ್ತೆ ಅಗಲೀಕರಣದಲ್ಲಿ ಕಲ್ಲು ಜರುಗಿರುತ್ತದೆ, ಮೆಟ್ಟಿಲೂ ಆಗಿರುತ್ತದೆ. ‘ಶಾಸನ ಇದೆಯಾ’ ಅಂದರೆ ಇಲ್ಲ ಅನ್ನುತ್ತಾರೆ. ‘ಬರ್ದಿರೋ ಕಲ್ಲು ಐತಾ, ಯಜಮಾನ್ರೇ?’ ಅಂದರೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಮಾಸ್ತಿಕಲ್ಲು (ಸತಿ ಹೋದವಳ ನೆನಪಿನ ಕಲ್ಲು) ಎಷ್ಟೋ ಕಡೆ ಮಾಸ್ತಮ್ಮನಾಗಿ ಪೂಜೆಗೊಳ್ಳುತ್ತಿದೆ. ಅಲ್ಲಿ ಚಪ್ಪಲಿ ಬಿಟ್ಟು, ಕೇಳಿಯೇ ಮುಟ್ಟಬೇಕು.

ಫೋಟೋದಲ್ಲಿ ಎಲ್ಲರೂ ಎಡವುವುದು ಬೆಳಕಿನಲ್ಲಿ. ಪೂರ್ವಕ್ಕೆ ಮುಖ ಮಾಡಿ ನಿಂತ ಕಲ್ಲಿಗೆ ಎಳೆಬಿಸಿಲು ನೇರವಾಗಿ ಬಡಿದು ಅಕ್ಷರ ಚಪ್ಪಟೆಯಾಗಿ ಕಾಣುತ್ತದೆ. ಅದೇ ಸೂರ್ಯ ನೆತ್ತಿಯ ಹತ್ತಿರ ಬಂದಾಗ ಬಿಸಿಲು ಕಲ್ಲನ್ನು ಸವರಿಕೊಂಡು ಇಳಿಯುತ್ತದೆ, ಸವೆದ ಗೆರೆಯೂ ಎದ್ದು ಬರುತ್ತದೆ. ನೆರಳಿದ್ದರೆ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಎಡ, ಬಲ, ಮೇಲಿನಿಂದ ಮೂರು ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಅಕ್ಷರಕ್ಕೆ ಸೀಮೆಸುಣ್ಣ ತುಂಬಲೇಬಾರದು. ನೀವು ತುಂಬುವುದು ನೀವು ಓದಿಕೊಂಡ ಅಕ್ಷರವನ್ನು. ಆ ಓದು ತಪ್ಪಿದ್ದರೆ ಮುಂದಿನವರಿಗೆ ಕಲ್ಲಿನ ಬದಲು ನಿಮ್ಮ ತಪ್ಪೇ ಕಾಣುತ್ತದೆ.

ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರದ ಅಚ್ಚನ್ನು ಕಾಗದದ ಮೇಲೆ ಮಸಿಯಲ್ಲಿ ತೆಗೆಯುವುದನ್ನು, ಬಲ್ಲವರ ಜೊತೆ ನಿಂತೇ ಕಲಿಯಬೇಕು. ಕಲ್ಲನ್ನು ನೀರು, ನಾರಿನ ಬ್ರಷ್‌ನಿಂದ ತೊಳೆಯುವುದು (ತಂತಿ ಬ್ರಷ್ ಬೇಡ), ಒದ್ದೆ ಕಾಗದ ಹಾಸಿ ಅಕ್ಷರದೊಳಕ್ಕೆ ಇಳಿಯುವಂತೆ ಬ್ರಷ್‌ನಿಂದ ಬಡಿಯುವುದು, ತುಸು ಆರಿದ ಮೇಲೆ ಮಸಿ ಒತ್ತುವುದು. ಅವಸರಪಟ್ಟರೆ ಮಸಿ ಹರಡಿ ಕಲ್ಲಿಗೂ ಇಳಿಯುತ್ತದೆ. ಸಂರಕ್ಷಿತ ಸ್ಮಾರಕವಾದರೆ ಮೊದಲು ಪುರಾತತ್ವ ಇಲಾಖೆಯ ಅನುಮತಿ ಬೇಕು.

ಓದಿ ದಾಖಲಿಸಿದ್ದನ್ನು ಫಲಕಕ್ಕಾಗಿ 80 ಪದಕ್ಕೆ ಇಳಿಸುವುದು ನಿಜವಾದ ಪರೀಕ್ಷೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಅಭ್ಯಾಸಕ್ಕೆ ಒಳ್ಳೆಯದು. ಕ್ರಿ.ಶ. 949–50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ‘ರಾಷ್ಟ್ರಕೂಟ ಮೂರನೇ ಕೃಷ್ಣ, ಗಂಗರ ಇಮ್ಮಡಿ ಬೂತುಗ, ತಕ್ಕೋಲದ ಕಾಳಗ’ ಎಂದು ಶುರುವಾದರೆ ಓದುವವರು ಎರಡನೇ ಸಾಲಿಗೇ ಹೊರಟುಬಿಡುತ್ತಾರೆ. ‘ಕಾಳಿ ಎಂಬ ನಾಯಿ ಕಾಡುಹಂದಿಯ ಮೇಲೆ ಬಿತ್ತು, ಎರಡೂ ಸತ್ತವು’ ಎಂದು ಶುರು ಮಾಡಿ. ಆ ನಾಯಿಯನ್ನು ಬೂತುಗನ ವೀರ ಮಣಲೆರ ತನ್ನ ಶೌರ್ಯಕ್ಕೆ ಬಹುಮಾನವಾಗಿ ಬೂತುಗನಿಂದ ಕೇಳಿ ಪಡೆದಿದ್ದ ಎನ್ನುವಾಗ ರಾಜನೂ ಯುದ್ಧವೂ ತಾವಾಗಿಯೇ ಬರುತ್ತವೆ.

ಊರವರು ಹೇಳುವ ಕಥೆ ಶಾಸನಕ್ಕೆ ಹೊಂದದಿದ್ದರೂ ಬಿಡಬೇಡಿ. ‘ಊರಿನವರು ಹೇಳುವಂತೆ’ ಎಂದು ಬೇರೆ ಸಾಲಿನಲ್ಲಿ ಕೊಡಿ. ಅಚ್ಚಿಗೆ ಮೊದಲು ಕರಡನ್ನು ಅರಳಿಕಟ್ಟೆಯಲ್ಲಿ ಗಟ್ಟಿಯಾಗಿ ಓದಿ, ‘ಯಾರು?’ ಎಂದು ಕೇಳಿದ ಕಡೆಯೆಲ್ಲ ತಿದ್ದಿ. ಫಲಕವನ್ನು ಕಲ್ಲಿಗೆ ಮೊಳೆ ಹೊಡೆದು ಕೂರಿಸದೆ, ಪಕ್ಕದಲ್ಲಿ ಬೇರೆ ಕಂಬ ನೆಟ್ಟು ನಿಲ್ಲಿಸಿ. ಫೋಟೋ, ಪಾಠ, ಕರಡುಗಳ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಕೊಡಿ, ಇನ್ನೊಂದನ್ನು ಕೆಲಸ ಕೇಳಲು ಹೋಗುವಾಗ ಒಯ್ಯಿರಿ.