ಒಂದ್ ಮನಸ್ಸು ಹೂಂ ಅನ್ನುತ್ತೆ, ಇನ್ನೊಂದು ಬೇಡ ಅನ್ನುತ್ತೆ: ಎರಡನ್ನೂ ಕೂರಿಸಿ ಕೇಳೋದ್ ಹೇಗೆ?

"ಒಂದ್ ಮನಸ್ಸು ಹೋಗೋಣ ಅನ್ನುತ್ತೆ, ಇನ್ನೊಂದ್ ಮನಸ್ಸು ಬೇಡ ಅನ್ನುತ್ತೆ" ಅಂತ ನಾವೆಲ್ಲ ಆಡ್ತೀವಲ್ಲ, ಆ ಮಾತನ್ನ ನಿಜ ಅಂತಲೇ ಹಿಡ್ಕೊಂಡು ಬೆಳೆದ ಥೆರಪಿ ಒಂದಿದೆ, ಹೆಸರು ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್, ಐಎಫ್‌ಎಸ್ ಅಂತಾರೆ. 1980ರ ದಶಕದಲ್ಲಿ ಅಮೆರಿಕದ ಫ್ಯಾಮಿಲಿ ಥೆರಪಿಸ್ಟ್ ರಿಚರ್ಡ್ ಶ್ವಾರ್ಟ್ಜ್ ಶುರು ಮಾಡಿದ್ದು. ಸಿಕ್ಕಾಪಟ್ಟೆ ತಿಂದು ಆಮೇಲೆ ವಾಂತಿ ಮಾಡ್ಕೊಳ್ಳೋ ಬುಲಿಮಿಯಾ ಕಾಯಿಲೆಯವರ ಜೊತೆ ಅವ್ರು ಕೆಲಸ ಮಾಡ್ತಿದ್ರು, ನನ್ನೊಳಗೆ ಒಂದು ತಿನ್ನು ಅನ್ನುತ್ತೆ ಇನ್ನೊಂದು ಬಯ್ಯುತ್ತೆ ಅಂತ ಪೇಷೆಂಟ್‌ಗಳು ಹೇಳೋದು ಕೇಳಿ ಕೇಳಿ, ಒಂದು ಮನೆಯ ಜನ ಹೇಗೆ ಒಬ್ಬರನ್ನೊಬ್ಬರು ಎಳೆದಾಡ್ತಾರೋ ತಲೆಯೊಳಗೂ ಹಾಗೇ ನಡೀತಿದೆ ಅಂತ ಅವರಿಗೆ ಹೊಳೀತು.

ಆ ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಮೊದಲು ತಿಳ್ಕೊಳ್ಳಿ. ಹಳೇ ನೋವು, ನಾಚಿಕೆ, ಭಯ ಹೊತ್ಕೊಂಡು ಮೂಲೇಲಿ ಬಚ್ಚಿಟ್ಟ ಮಗು ಥರದ ಭಾಗಗಳಿಗೆ ಎಕ್ಸೈಲ್ ಅಂತಾರೆ. ಆ ನೋವು ಮೇಲೆ ಬರದ ಹಾಗೆ ದಿನವಿಡೀ ಪ್ಲಾನ್ ಮಾಡೋದು, ತಪ್ಪು ಹುಡುಕೋದು, ಎಲ್ಲರನ್ನೂ ಮೆಚ್ಚಿಸೋದು ಮ್ಯಾನೇಜರ್‌ಗಳ ಕೆಲಸ. ಅಷ್ಟಾದ್ರೂ ನೋವು ಉಕ್ಕಿ ಬಂತು ಅಂದ್ರೆ ಫೈರ್‌ಫೈಟರ್ ಓಡಿ ಬರುತ್ತೆ, ರಾತ್ರಿ ಎರಡರ ತನಕ ಫೋನು, ಕುಡಿತ, ಕೂಗಾಟ, ಏನಾದ್ರೂ ಸರಿ ಬೆಂಕಿ ಆರಬೇಕು ಅಷ್ಟೇ. ಇದು ಕಾಯಿಲೆ ಅಲ್ಲ, ಎಲ್ಲರೊಳಗೂ ಇರುತ್ತೆ ಅನ್ನೋದು ಐಎಫ್‌ಎಸ್ ಮಾತು. ಇವೆಲ್ಲದರ ನಡುವೆ ಶಾಂತವಾಗಿ, ಕುತೂಹಲದಿಂದ, ಕರುಣೆಯಿಂದ ನೋಡಬಲ್ಲ ನೀವು ಒಬ್ರು ಇದ್ದೀರಿ, ಅದಕ್ಕೆ ಸೆಲ್ಫ್ ಅಂತ ಹೆಸರು.

ಈಗ ಕೂತ್ಕೊಳ್ಳಿ. ತೀರಾ ದೊಡ್ಡ ನೋವು ಬೇಡ, ದಿನಾ ಕಾಡೋ ಒಂದು ಚಿಕ್ಕ ಮ್ಯಾನೇಜರ್ ಸಾಕು. ಅದು ದೇಹದಲ್ಲಿ ಎಲ್ಲಿ ಗೊತ್ತಾಗುತ್ತೆ ನೋಡಿ, ಗಂಟಲಾ, ಎದೆನಾ, ಹೊಟ್ಟೆನಾ. ನನಗೆ ಏನಾದ್ರೂ ಬರೆದು ಕಳಿಸೋ ಮುಂಚೆ ಎದೆ ಹಿಡ್ಕೊಳ್ಳುತ್ತೆ, "ನಿನ್ನ ಕೈಲಿ ಇದೆಲ್ಲ ಆಗಲ್ಲ" ಅನ್ನೋ ದನಿ. ಗಮನ ಅಲ್ಲೇ ಇಟ್ಟು, ಇದರ ಮೇಲೆ ನನಗೇನನ್ಸುತ್ತೆ ಅಂತ ಕೇಳ್ಕೊಳ್ಳಿ. ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದೇ, ಯಾಕಂದ್ರೆ "ಸಿಟ್ಟು ಬರುತ್ತೆ, ತೊಲಗಲಿ" ಅಂತ ಉತ್ತರ ಬಂದ್ರೆ ಮಾತಾಡ್ತಿರೋದು ನೀವಲ್ಲ, ಇನ್ನೊಂದು ಭಾಗ. ಸ್ವಲ್ಪ ಪಕ್ಕಕ್ಕೆ ಕೂತ್ಕೊ, ನಿನ್ನ ಮಾತೂ ಕೇಳ್ತೀನಿ ಅಂತ ಅದಕ್ಕೆ ಹೇಳಿ, ನಿಜವಾಗ್ಲೂ ತಿಳ್ಕೊಳ್ಳೋಣ ಅನ್ನಿಸೋ ತನಕ ಮುಂದೆ ಹೋಗ್ಬೇಡಿ. ನನಗೆ ಇದಕ್ಕೇ ವಾರಗಟ್ಟಲೆ ಹಿಡೀತು.

ಆಮೇಲೆ ಆ ಮ್ಯಾನೇಜರನ್ನೇ ಕೇಳಿ: ಈ ಕೆಲಸ ನೀನು ಬಿಟ್ರೆ ಏನಾಗುತ್ತೆ ಅಂತ ಭಯ? ಉತ್ತರ ನೀವು ಯೋಚನೆ ಮಾಡಿ ಕೊಡಬೇಡಿ, ಕಾಯಿರಿ, ಮಾತಲ್ಲಿ ಬರಬಹುದು, ಚಿತ್ರವಾಗಿ ಬರಬಹುದು, ಬರದೇನೂ ಇರಬಹುದು. ನನಗೆ ಬಂದಿದ್ದು ಆರನೇ ಕ್ಲಾಸಿನ ಬೋರ್ಡು, ತಪ್ಪಾದ ಲೆಕ್ಕ, ಹಿಂದಿನಿಂದ ನಗು. ಬೇರೆಯವರು ನಗೋ ಮುಂಚೆ ನಾನೇ ಬೈದುಬಿಟ್ರೆ ನೋವು ಕಮ್ಮಿ ಅಂತ ಅಷ್ಟು ವರ್ಷದಿಂದ ಅದು ನನ್ನ ಕಾಪಾಡ್ತಾ ಇತ್ತಂತೆ. ನನಗೀಗ ಎಷ್ಟು ವಯಸ್ಸು ಅನ್ಕೊಂಡಿದೀಯ ಅಂತಲೂ ಕೇಳ್ದೆ, ಹನ್ನೊಂದು ಅಂತು. ಕಣ್ಣಲ್ಲಿ ನೀರು ಬಂತು ನನಗೆ.

ಇಲ್ಲಿಗೆ ನಿಲ್ಲಿಸಿ. ಬೋರ್ಡ್ ಮುಂದೆ ನಿಂತಿದ್ದ ಆ ಮಗುವಿನ ಹತ್ರ ಹೋಗೋದು, ಅದು ಹೊತ್ತಿರೋ ಭಾರ ಇಳಿಸೋದು ಒಬ್ಬರೇ ಮನೇಲಿ ಕೂತು ಮಾಡೋದಲ್ಲ, ಟ್ರೈನಿಂಗ್ ಆಗಿರೋ ಥೆರಪಿಸ್ಟ್ ಬೇಕು, ಮೊದಲು ಮ್ಯಾನೇಜರ್ ಒಪ್ಪಬೇಕು, ಆತುರ ಮಾಡಿದ್ರೆ ಫೈರ್‌ಫೈಟರ್ ಎದ್ದು ಬರುತ್ತೆ. ಯೋಚನೆ, ನಡವಳಿಕೆ ಬದಲಿಸೋ ಸಿಬಿಟಿ ಅನ್ನೋ ಥೆರಪಿ ಮೇಲೆ ಆಗಿರೋಷ್ಟು ಸಂಶೋಧನೆ ಐಎಫ್‌ಎಸ್ ಮೇಲೆ ಇನ್ನೂ ಆಗಿಲ್ಲ, ಹಾಗಾಗಿ ಡಾಕ್ಟರ್ ಕೊಟ್ಟಿರೋ ಮಾತ್ರೆ ಇದನ್ನ ನಂಬಿ ಬಿಡಬೇಡಿ. ಹೊರಗಿಂದ ಯಾರೋ ಮಾತಾಡಿದ ಹಾಗೆ ದನಿ ಕೇಳಿಸ್ತಿದ್ರೆ ಈ ಪ್ರಯೋಗ ಮಾಡ್ಲೇಬೇಡಿ, ಸೈಕಿಯಾಟ್ರಿಸ್ಟ್ ನೋಡಿ. ಸಾಯಬೇಕು ಅನ್ನಿಸ್ತಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಈಗ್ಲೇ ಫೋನ್ ಮಾಡಿ, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಏಳೋ ಮುಂಚೆ ಆ ಭಾಗಕ್ಕೆ ಥ್ಯಾಂಕ್ಸ್ ಹೇಳಿ, ಮತ್ತೆ ಬರ್ತೀನಿ ಅಂತ ಅದಕ್ಕೆ ಮಾತು ಕೊಟ್ರೆ ತಪ್ಪದೆ ಹೋಗಿ. ನಾನು ಬೆಳಿಗ್ಗೆ ಕಾಫಿ ಹೊತ್ತಲ್ಲಿ ಐದು ನಿಮಿಷ ಕೂರ್ತೀನಿ, ಅದು ಹೇಳಿದ್ದನ್ನ ನೋಟ್‌ಬುಕ್ಕಲ್ಲಿ ಬರ್ಕೊಳ್ತೀನಿ. ಇದನ್ನ ಕಳಿಸೋ ಮುಂಚೆಯೂ ಎದೆ ಹಿಡ್ಕೊಂಡಿತ್ತು, ಇವತ್ತು ಏನು ಭಯ ಅಂತ ಕೇಳಿ, ಉತ್ತರ ಪೂರ್ತಿ ಕೇಳಿಸ್ಕೊಂಡು, ಆಮೇಲೆ ಕಳಿಸ್ದೆ.