ಕ್ರೋಶಾ ಲೇಸಿಗೆ ಬೇಕಾದ ಕಡ್ಡಿ, ದಾರ ಮತ್ತು ಅವುಗಳ ಆರೈಕೆ

ನಾನು ಮದುವೆಯಾಗಿ ಬಂದ ವರ್ಷ ಅತ್ತೆಯವರು ಕೈಗಿತ್ತ ಉಕ್ಕಿನ ಕ್ರೋಶಾ ಕಡ್ಡಿಯಲ್ಲಿಯೇ ಇಂದಿಗೂ ಲೇಸ್ ಹೆಣೆಯುತ್ತೇನೆ. ದಿಂಬಿನ ಚೀಲದ ಅಂಚು, ಬಾಗಿಲ ತೋರಣ, ಹಾಲಿನ ಪಾತ್ರೆಯ ಮೇಲೆ ಮುಚ್ಚುವ ಮಣಿಯಂಚಿನ ಬಲೆ, ಈಚೆಗೆ ಮೊಮ್ಮಕ್ಕಳ ಸೀರೆಗಳ ಕುಚ್ಚು, ಎಲ್ಲವೂ ಅದರಲ್ಲಿಯೇ ಆಗಿವೆ. ಹೊಸದಾಗಿ ಕಲಿಯಲು ಬರುವವರು ಮೊದಲು ವಿನ್ಯಾಸ ಕೇಳುತ್ತಾರೆ, ನಾನು ಮೊದಲು ಅವರ ಕಡ್ಡಿಯನ್ನು ತೋರಿಸಲು ಹೇಳುತ್ತೇನೆ. ತಮ್ಮ ಕೈ ಸರಿಯಿಲ್ಲವೆಂದು ಅವರು ನೊಂದುಕೊಳ್ಳುವ ತಪ್ಪುಗಳಲ್ಲಿ ಬಹುಪಾಲು ಕಡ್ಡಿಯವೇ ಆಗಿರುತ್ತವೆ.

ಉಣ್ಣೆಗೆ ಬಳಸುವ ದಪ್ಪನೆಯ ಅಲ್ಯೂಮಿನಿಯಂ ಕಡ್ಡಿ ಲೇಸಿಗೆ ಒದಗುವುದಿಲ್ಲ, ಸಣ್ಣ ದಾರಕ್ಕೆ ಉಕ್ಕಿನದೇ ಬೇಕು. ಕೊಳ್ಳುವಾಗ ಕೊಕ್ಕೆಯ ತುದಿಯನ್ನು ಹಳೆಯ ರೇಷ್ಮೆ ಬಟ್ಟೆಯ ಮೇಲೆ ಮೆಲ್ಲಗೆ ಎಳೆದು ನೋಡಿ. ಎಲ್ಲಿಯೂ ಎಳೆ ಸಿಕ್ಕಿಕೊಳ್ಳದೆ ಜಾರಿದರೆ ಅದು ಒಳ್ಳೆಯ ಕಡ್ಡಿ. ಸಿಕ್ಕಿಕೊಂಡರೆ ಕೊಕ್ಕೆಯ ಒಳಗೆ ಕಣ್ಣಿಗೆ ಕಾಣದ ಮುಳ್ಳಿದೆ ಎಂದರ್ಥ, ಅದು ಪ್ರತಿ ಕುಣಿಕೆಯಲ್ಲಿಯೂ ದಾರವನ್ನು ಸೀಳುತ್ತಾ ಹೋಗುತ್ತದೆ. ಮನೆಯಲ್ಲಿರುವ ಕಡ್ಡಿಗೆ ಇಂತಹ ಮುಳ್ಳೆದ್ದಿದ್ದರೆ ಎಸೆಯಬೇಕಾಗಿಲ್ಲ. ಅತ್ಯಂತ ನಯವಾದ ಸ್ಯಾಂಡ್‌ಪೇಪರನ್ನು ತೆಳ್ಳಗೆ ಪಟ್ಟಿಯಾಗಿ ಕತ್ತರಿಸಿ, ಕೊಕ್ಕೆಯ ಒಳಗೆ ಹಾಯಿಸಿ, ಹತ್ತಾರು ಸಲ ಹಿಂದೆ ಮುಂದೆ ಎಳೆದರೆ ಸರಿಹೋಗುತ್ತದೆ.

ಕಡ್ಡಿಗೂ ದಾರಕ್ಕೂ ಹೊಂದಾಣಿಕೆಯಿರಬೇಕಾದುದು ಎಲ್ಲಕ್ಕಿಂತ ಮುಖ್ಯ. ಕ್ರೋಶಾ ದಾರದ ಉಂಡೆಯ ಮೇಲೆ 10, 20, 40, 60, 80 ಎಂಬ ಸಂಖ್ಯೆಗಳಿರುತ್ತವೆ, ಸಂಖ್ಯೆ ಏರಿದಷ್ಟೂ ದಾರ ಸಣ್ಣದು. ಹಳೆಯ ಉಕ್ಕಿನ ಕಡ್ಡಿಗಳಲ್ಲಿಯೂ ಹೀಗೆಯೇ ಸಂಖ್ಯೆ ಹೆಚ್ಚಿದಂತೆ ಕಡ್ಡಿ ತೆಳ್ಳಗಾಗುತ್ತದೆ, ಆದರೆ ಒಂದೊಂದು ದೇಶದ ಲೆಕ್ಕ ಒಂದೊಂದು ಬಗೆಯದಾದ್ದರಿಂದ ಹಿಡಿಯ ಮೇಲೆ ಕೆತ್ತಿರುವ ಮಿಲಿಮೀಟರ್ ಅಳತೆಯನ್ನೇ ನಂಬುವುದು ಒಳ್ಳೆಯದು. 10ರ ದಾರಕ್ಕೆ 1.5 ಮಿ.ಮೀ. ಆಸುಪಾಸಿನ ಕಡ್ಡಿ, 20ರ ದಾರಕ್ಕೆ 1.25 ಅಥವಾ 1 ಮಿ.ಮೀ., 40ಕ್ಕೆ ಇನ್ನೂ ಸಣ್ಣದು ಎಂದು ಆರಂಭಿಸಿ, ನಾಲ್ಕು ಅಂಗುಲ ಹೆಣೆದು ನೋಡಿ ಬದಲಾಯಿಸಿಕೊಳ್ಳಿ. ಬಿಗಿಯಾಗಿ ಎಳೆಯುವ ಕೈಯವರು ಮೊದಲ ಸಾಲಿನ ಸರಪಳಿಯನ್ನು ಒಂದು ಅಳತೆ ದೊಡ್ಡ ಕಡ್ಡಿಯಲ್ಲಿ ಹಾಕಿಕೊಂಡರೆ ಲೇಸಿನ ಬುಡ ಬಿಲ್ಲಿನಂತೆ ಬಾಗುವುದಿಲ್ಲ. ಪುಸ್ತಕ ನೋಡಿ ಹೆಣೆಯುವವರು ಅದು ಅಮೆರಿಕದ್ದೋ ಬ್ರಿಟನ್ನಿನದೋ ಎಂಬುದನ್ನೂ ಗಮನಿಸಬೇಕು. ಅಮೆರಿಕದವರು ಡಬಲ್ ಕ್ರೋಶೆ ಎನ್ನುವ ಹೆಣಿಗೆಯನ್ನೇ ಬ್ರಿಟನ್ನಿನವರು ಟ್ರೆಬಲ್ ಎನ್ನುತ್ತಾರೆ.

ದಾರ ಮರ್ಸರೈಸ್ಡ್ ಹತ್ತಿಯದಾಗಿರಲಿ. ಹತ್ತಿಯ ನೂಲನ್ನು ಎಳೆದು ಹಿಡಿದು ಕಾಸ್ಟಿಕ್ ಸೋಡಾದಲ್ಲಿ ಹದ ಮಾಡುವುದರಿಂದ ಅದಕ್ಕೆ ಹೊಳಪೂ ಗಟ್ಟಿತನವೂ ಬರುತ್ತದೆ, ಎಷ್ಟೋ ಒಗೆತಗಳ ನಂತರವೂ ನೂಲು ಜೂಲು ಏಳುವುದಿಲ್ಲ. ಒಂದೇ ಕೆಲಸಕ್ಕೆ ಬೇಕಾಗುವಷ್ಟು ಉಂಡೆಗಳನ್ನು ಒಟ್ಟಿಗೇ, ಒಂದೇ ಲಾಟ್ ಸಂಖ್ಯೆ (ಒಂದೇ ಸಲ ಬಣ್ಣ ಹಾಕಿದ ದಾರದ ಗುರುತು) ನೋಡಿ ಕೊಳ್ಳಿ, ಆರು ತಿಂಗಳ ಮೇಲೆ ಅದೇ ಬಣ್ಣ ತಂದರೂ ಛಾಯೆ ಬೇರೆಯಾಗಬಹುದು. ಗಾಢ ಬಣ್ಣದ ದಾರವಾದರೆ ಒಂದು ಗೇಣು ಒದ್ದೆ ಮಾಡಿ ಬಿಳಿಯ ಬಟ್ಟೆಯ ನಡುವೆ ಒತ್ತಿ ನೋಡುವುದನ್ನು ಮರೆಯಬಾರದು. ಮಗಳ ಕೆನೆಬಣ್ಣದ ಸೀರೆಗೆ ಕೆಂಪು ದಾರದ ಕುಚ್ಚು ಹಾಕಿದಾಗ ನಾನು ಈ ಪರೀಕ್ಷೆ ಮಾಡಿರಲಿಲ್ಲ. ಮೊದಲ ಸಲ ನೀರು ತಾಗಿದೊಡನೆ ಸೆರಗಿನ ತುದಿಯುದ್ದಕ್ಕೂ ಗುಲಾಬಿ ಬಣ್ಣ ಹರಿಯಿತು, ಅದು ಇಂದಿಗೂ ಹೋಗಿಲ್ಲ. ಹತ್ತಿ ಬಟ್ಟೆಗೆ ಅಂಚು ಕೂಡಿಸುವ ಮುನ್ನ ಬಟ್ಟೆಯನ್ನೂ ಒಮ್ಮೆ ನೆನೆಸಿ ಒಣಗಿಸಿರಬೇಕು. ಇಲ್ಲವಾದರೆ ಬಟ್ಟೆ ಕುಗ್ಗಿ ಲೇಸ್ ಅಲೆಯಲೆಯಾಗಿ ನಿಲ್ಲುತ್ತದೆ.

ಉಂಡೆ ನೆಲದ ಮೇಲೆ ಉರುಳಿ ಕಸ ಮೆತ್ತಿಕೊಳ್ಳದಂತೆ ನಾನು ಅದನ್ನು ಹಿತ್ತಾಳೆಯ ಚೊಂಬಿನಲ್ಲಿಟ್ಟು ಪಕ್ಕದಲ್ಲಿರಿಸಿಕೊಳ್ಳುತ್ತೇನೆ. ಚೊಂಬಿನ ಬಾಯಿ ನಯವಾಗಿರುವುದರಿಂದ ದಾರ ತಡೆಯಿಲ್ಲದೆ ಬರುತ್ತದೆ, ಉಂಡೆ ಒಳಗೇ ಸುತ್ತುತ್ತಿರುತ್ತದೆ. ಬಿಳಿಯ ದಾರ ಹೆಣೆಯುವಾಗ ಮಡಿಲ ಮೇಲೆ ಕಡುಬಣ್ಣದ ಬಟ್ಟೆ ಹಾಸಿಕೊಂಡರೆ ಕುಣಿಕೆಗಳು ಎದ್ದು ಕಾಣುತ್ತವೆ, ಬಲಗೈಯವರು ಬೆಳಕು ಎಡಗಡೆಯಿಂದ ಬೀಳುವಂತೆ ಕುಳಿತರೆ ಕೈಯ ನೆರಳು ಅಡ್ಡ ಬರುವುದಿಲ್ಲ. ಮಣಿ ಬೇಕಾದಲ್ಲಿ ಹೆಣಿಗೆಗೆ ಮುಂಚೆಯೇ ಅಷ್ಟನ್ನೂ ಎಣಿಸಿ ದಾರಕ್ಕೆ ಪೋಣಿಸಿಕೊಳ್ಳಬೇಕು. ದಾರದ ತುದಿಗೆ ಮೇಣದಬತ್ತಿ ಉಜ್ಜಿ ಹೊಸೆದರೆ ಸೂಜಿಯಿಲ್ಲದೆಯೂ ಮಣಿಯೊಳಗೆ ಹೋಗುತ್ತದೆ. ಉಳಿದಂತೆ ಚೂಪು ತುದಿಯ ಸಣ್ಣ ಕತ್ತರಿ, ದಾರದ ಕೊನೆಗಳನ್ನು ಹೆಣಿಗೆಯೊಳಗೆ ಹುದುಗಿಸಲು ಮೊಂಡು ತುದಿಯ ಸೂಜಿ, ಅಳತೆಯ ಟೇಪು ಇವಿಷ್ಟು ಸಾಕು. ಆ ಕತ್ತರಿಯಲ್ಲಿ ಕಾಗದ ಕತ್ತರಿಸಲು ಯಾರಿಗೂ ಕೊಡಬೇಡಿ.

ಬೆರಳು ನೋಯುವವರು ಕಡ್ಡಿಯ ಹಿಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ತೊಡಿಸಿದರೆ ಹಿಡಿತ ದಪ್ಪವಾಗಿ ನರಗಳಿಗೆ ಬಿಡುವು ಸಿಗುತ್ತದೆ. ನನಗೆ ಅರವತ್ತು ದಾಟಿದ ಮೇಲೂ ಹೆಣಿಗೆ ಸಾಧ್ಯವಾದುದು ಈ ಟ್ಯೂಬಿನಿಂದಲೇ.

ಹೆಣೆದು ತೊಳೆದ ಲೇಸಿಗೆ ತೆಳುವಾದ ಅನ್ನದ ಗಂಜಿ ಹಾಕಿ, ಬಟ್ಟೆ ಸುತ್ತಿದ ಥರ್ಮೋಕೋಲ್ ಹಲಗೆಯ ಮೇಲೆ ಹರಡಿ, ಪ್ರತಿ ಕಮಾನಿನ ತುದಿಗೂ ಗುಂಡುಪಿನ್ನು ಚುಚ್ಚಿ ನೆರಳಲ್ಲಿ ಒಣಗಿಸಿ. ಪಿನ್ನು ತುಕ್ಕು ಹಿಡಿಯದ ಜಾತಿಯದೇ ಆಗಿರಬೇಕು, ಒದ್ದೆ ಬಿಳಿ ದಾರದಲ್ಲಿ ಒಂದು ರಾತ್ರಿಗೇ ಕಂದು ಕಲೆ ಕೂರುತ್ತದೆ. ಬಹುಕಾಲ ಎತ್ತಿಡುವ ಲೇಸಿನಲ್ಲಿ ಗಂಜಿ ಉಳಿಸಬೇಡಿ, ಹುಳುಗಳಿಗೆ ಅದೇ ಊಟ. ಚೆನ್ನಾಗಿ ತೊಳೆದು, ಪ್ಲಾಸ್ಟಿಕ್ಕಿನ ಬದಲು ಮೆತ್ತನೆಯ ಹಳೆಯ ಪಂಚೆಯಲ್ಲಿ ಸುತ್ತಿಡಿ. ಕಡ್ಡಿಗಳಿಗೆ ಮಳೆಗಾಲದ ಮೊದಲು ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ ಫ್ಲಾನೆಲ್ ಬಟ್ಟೆಯಲ್ಲಿ ಸುರುಳಿ ಸುತ್ತಿಡಬೇಕು, ಮತ್ತೆ ಬಳಸುವ ದಿನ ಎಣ್ಣೆಯ ಪಸೆ ಉಳಿಯದಂತೆ ಒಣ ಬಟ್ಟೆಯಲ್ಲಿ ಒರೆಸಿ, ಬೇಡದ ದಾರದಲ್ಲಿ ಹತ್ತು ಸರಪಳಿ ಹಾಕಿ ನೋಡಿದ ಮೇಲೆಯೇ ಒಳ್ಳೆಯ ದಾರವನ್ನು ಕೈಗೆತ್ತಿಕೊಳ್ಳಬೇಕು.