ಖಿನ್ನತೆ ಇರುವವರು ಕೆಲಸ ಹುಡುಕುವಾಗ ಮೊದಲು ಹೊತ್ತು ನೋಡಿ

ದಾವಣಗೆರೆಯಲ್ಲಿ ಕೆಲಸ ಹುಡುಕುವವರಿಗೆ ಎದುರಾಗುವ ಮೊದಲ ಪ್ರಶ್ನೆ ‘ಏನ್ ಓದೀಯಪ್ಪ?’. ಎರಡನೆಯದು ‘ಎಷ್ಟ್ ಕೊಡ್ತಾರಂತೆ?’. ಖಿನ್ನತೆಗೆ ಚಿಕಿತ್ಸೆ ತಗೊಳ್ಳುತ್ತಿರುವವರು ಇವೆರಡಕ್ಕೂ ಮುಂಚೆ ಕೇಳಿಕೊಳ್ಳಬೇಕಾದದ್ದು ಇನ್ನೊಂದಿದೆ: ಆ ಕೆಲಸ ದಿನದ ಯಾವ ಹೊತ್ತಿನದು? ಸೇರಿದ ತಿಂಗಳೊಳಗೆ ಬಿಟ್ಟುಬಂದ ಕೆಲಸಗಳನ್ನು ಕೆದಕಿ ನೋಡಿ. ಕೆಲಸ ಬಾರದೆ ಬಿಟ್ಟದ್ದು ಕಡಿಮೆ, ಹೊತ್ತು ಹೊಂದದೆ ಬಿಟ್ಟದ್ದು ಹೆಚ್ಚು.

ಕಾರಣ ಮೈಯೊಳಗೇ ಇದೆ. ಖಿನ್ನತೆ ಇರುವ ಹಲವರಿಗೆ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುತ್ತದೆ, ಹಾಸಿಗೆ ಬಿಡಲು ಮಾತ್ರ ಒಂಬತ್ತಾದರೂ ಆಗುವುದಿಲ್ಲ. ಸಂಜೆಯಾದಂತೆ ತಲೆ ತಿಳಿಯಾಗುತ್ತದೆ. ರಾತ್ರಿ ಮಿರ್ಟಜಪಿನ್ ಅಥವಾ ಅಮಿಟ್ರಿಪ್ಟಿಲಿನ್ ತಗೊಳ್ಳುವವರಿಗೆ ಮಾತ್ರೆಯ ಮಂಪರು ಬೆಳಿಗ್ಗೆಯೂ ಇಳಿದಿರುವುದಿಲ್ಲ. ಇಂಥವರು ಬೆಳಕು ಹರಿಯುವ ಮುಂಚೆ ಒಲೆ ಹೊತ್ತಿಸುವ ಮಂಡಕ್ಕಿ ಭಟ್ಟಿಗೆ ಸೇರಿದರೆ ಹದಿನೈದು ದಿನದಲ್ಲಿ ‘ಸೋಮಾರಿ’ ಅನ್ನುವ ಹೆಸರು ಬರುತ್ತದೆ. ಅದೇ ಮನುಷ್ಯ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಮೆಡಿಕಲ್ ಶಾಪಿನಲ್ಲಿ ಚುರುಕಾಗಿ ಓಡಾಡಿಕೊಂಡಿರಬಲ್ಲ.

ಯಾವಾಗ ಹುಡುಕಬೇಕು, ಯಾವಾಗ ಬೇಡ

ಮಾತ್ರೆ ಶುರುಮಾಡಿ ಎರಡು ವಾರ ಆಗಿಲ್ಲವೆಂದರೆ ಇಂಟರ್‌ವ್ಯೂ ಇಟ್ಟುಕೊಳ್ಳಬೇಡಿ. ಎಸ್ಸಿಟಲೋಪ್ರಾಮ್, ಸರ್ಟ್ರಲಿನ್‌ನಂಥ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಕಾಣಲು ಆರು ವಾರವೂ ಹಿಡಿಯಬಹುದು. ಹೊಟ್ಟೆ ತೊಳಸುವುದು, ಭೇದಿ, ತಲೆನೋವು, ಕಸಿವಿಸಿ ಮಾತ್ರ ಮೊದಲ ವಾರದಲ್ಲೇ ಹಾಜರ್. ತೊಂದರೆ ಮೊದಲು, ಲಾಭ ಆಮೇಲೆ. ಆ ನಡುವಿನ ದಿನಗಳಲ್ಲಿ ಹೊಸ ಕೆಲಸಕ್ಕೆ ಹೋದರೆ ಮಾತ್ರೆಯ ತೊಂದರೆಯನ್ನೂ ಕೆಲಸದ ಖಾತೆಗೇ ಬರೆದುಬಿಡುತ್ತೀರಿ.

ಹಾಗಂತ ಪೂರ್ತಿ ಗುಣವಾಗಲಿ, ಆಮೇಲೆ ನೋಡೋಣ ಎಂದು ವರ್ಷಗಟ್ಟಲೆ ಕಾಯುವುದೂ ಸರಿಯಲ್ಲ. ಹೊಂದುವ ಕೆಲಸ ಸ್ವತಃ ಚೇತರಿಕೆಯ ಒಂದು ಭಾಗ: ಏಳಲು ಒಂದು ಕಾರಣ, ಊಟಕ್ಕೊಂದು ಹೊತ್ತು, ಎದುರಿಗೆ ನಾಲ್ಕು ಮುಖ. ದಿನಕ್ಕೆ ಒಂದು ಬಾರಿಯಾದರೂ ಸ್ನಾನ ಮಾಡಿ ಮನೆಯಿಂದ ಹೊರಗೆ ಹೋಗಿಬರುವುದು ವಾರದಲ್ಲಿ ಐದು ದಿನ ಸಾಧ್ಯವಾಗುತ್ತಿದ್ದರೆ ಹುಡುಕಲು ಶುರುಮಾಡಬಹುದು. ಊಟ, ನಿದ್ದೆ ಕೆಟ್ಟು ವಾರಗಳಾಗಿದ್ದರೆ ಅಥವಾ ಸಾಯುವ ಯೋಚನೆ ಬರುತ್ತಿದ್ದರೆ ಕೆಲಸದ ಮಾತು ಪಕ್ಕಕ್ಕಿಟ್ಟು ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಇಪ್ಪತ್ನಾಲ್ಕು ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲಾಗಲಿ ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಾಗಲಿ ಮಾನಸಿಕ ವಿಭಾಗ ಕೇಳಿ ಹೋಗಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರಲು ಗೊತ್ತುಮಾಡಿರುವ ದಿನ ಮಂಗಳವಾರ. ಹೊರಡುವ ಮುಂಚೆ, ಈ ವಾರ ಬರುತ್ತಾರಾ ಎಂದು ಒಂದು ಫೋನ್ ಮಾಡಿಕೊಳ್ಳಿ.

ಹದಿನಾಲ್ಕು ದಿನದ ನೋಟ್‌ಬುಕ್ಕು

ಇದೊಂದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಸಣ್ಣ ನೋಟ್‌ಬುಕ್ ತಗೊಂಡು ಪುಟವನ್ನು ನಾಲ್ಕು ಕಾಲಂ ಮಾಡಿ: ಹೊತ್ತು, ಏನು ಮಾಡಿದೆ, ತ್ರಾಣ ಎಷ್ಟಿತ್ತು, ಮುಗಿಸಿದ ಮೇಲೆ ಹೇಗನ್ನಿಸಿತು. ಕೊನೆಯ ಎರಡಕ್ಕೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ಒಂದು ದಿನದ ಪುಟ ಹೀಗಿರಬಹುದು:

ಬೆಳಿಗ್ಗೆ 9: ಹಲ್ಲುಜ್ಜಿದೆ, ಚಹಾ. ತ್ರಾಣ 2, ತೃಪ್ತಿ 1.
ಮಧ್ಯಾಹ್ನ 1: ಅಕ್ಕನ ಮಗನಿಗೆ ಗಣಿತ ಹೇಳಿಕೊಟ್ಟೆ. ತ್ರಾಣ 4, ತೃಪ್ತಿ 6.
ಸಂಜೆ 5: ಮಂಡಿಪೇಟೆಯಿಂದ ದಿನಸಿ ತಂದೆ. ತ್ರಾಣ 6, ತೃಪ್ತಿ 4.
ರಾತ್ರಿ 9: ಮೊಬೈಲು. ತ್ರಾಣ 5, ತೃಪ್ತಿ 0.

ಎಲ್ಲರೂ ಎಡವುವುದು ಒಂದೇ ಕಡೆ. ರಾತ್ರಿ ಮಲಗುವಾಗ ಇಡೀ ದಿನದ್ದನ್ನು ನೆನೆಸಿಕೊಂಡು ಬರೆಯುತ್ತಾರೆ. ಖಿನ್ನತೆಯಲ್ಲಿ ನೆನಪು ಒಂದೇ ಕಡೆಗೆ ವಾಲುತ್ತದೆ, ಒಳ್ಳೆಯ ಅರ್ಧ ಗಂಟೆಯನ್ನು ನುಂಗಿಹಾಕಿ ದಿನವನ್ನೆಲ್ಲ ಎರಡು ಮೂರಕ್ಕೆ ಇಳಿಸುತ್ತದೆ. ದಿನಕ್ಕೆ ನಾಲ್ಕು ಸಲ ಫೋನಿನಲ್ಲಿ ಅಲಾರಂ ಇಟ್ಟು ಆಗಿಂದಾಗಲೇ ಬರೆಯಿರಿ. ಮೇಲಿನ ಪುಟದಲ್ಲಿ ಮಧ್ಯಾಹ್ನದ ಸಾಲು ನೋಡಿ: ತ್ರಾಣ ಕಡಿಮೆಯಿದ್ದಾಗಲೂ ತೃಪ್ತಿ ಮೇಲೆದ್ದಿದೆ. ಎರಡು ವಾರದಲ್ಲಿ ಇಂಥ ಸಾಲು ನಾಲ್ಕೈದು ಸಲ ಬಂದರೆ ಅದು ಕಾಕತಾಳೀಯವಲ್ಲ. ಕೆಲಸ ಯಾವ ದಿಕ್ಕಿನಲ್ಲಿ ಹುಡುಕಬೇಕು ಎಂಬುದಕ್ಕೆ ‘ನಿಮಗೇನಿಷ್ಟ?’ ಎಂಬ ಪ್ರಶ್ನೆಗಿಂತ ಇದು ಗಟ್ಟಿ ಆಧಾರ. ಯಾವುದೂ ಇಷ್ಟವಾಗದಿರುವುದೇ ಈ ಕಾಯಿಲೆಯ ಲಕ್ಷಣವಾಗಿರುವಾಗ ಇಷ್ಟವನ್ನು ಕೇಳಿ ಏನು ಸಿಕ್ಕೀತು?

ಊರಿನ ಕೆಲಸಗಳನ್ನು ತೂಗುವ ಬಗೆ

ಯಾವ ಕೆಲಸವೇ ಬರಲಿ, ಹೊತ್ತಿನ ಜೊತೆಗೆ ಇನ್ನು ಮೂರನ್ನು ವಿಚಾರಿಸಿ. ವೇಗ ಯಾರ ಕೈಯಲ್ಲಿದೆ? ಮುಗಿದದ್ದು ಕಣ್ಣಿಗೆ ಕಾಣುತ್ತದೆಯೇ? ಒಂದು ದಿನ ಬಾರದಿದ್ದರೆ ಏನಾಗುತ್ತದೆ?

ಬಟ್ಟೆ ಅಂಗಡಿಯ ಕೌಂಟರು ಸುಲಭವಾಗಿ ಸಿಗುವ ಕೆಲಸ. ಹತ್ತು ಗಂಟೆ ನಿಂತಿರಬೇಕು, ನಗುಮುಖ ಬೇಕು, ಮದುವೆ ಸೀಸನ್ನಿನಲ್ಲಿ ರಜೆ ಕೇಳುವಂತಿಲ್ಲ. ಅದೇ ಅಂಗಡಿಯ ಗೋಡೌನಿನಲ್ಲಿ ಸ್ಟಾಕ್ ಬರೆಯುವ ಕೆಲಸಕ್ಕೆ ಗಿರಾಕಿಗಳ ಕಾಟವಿಲ್ಲ, ಸಂಜೆಗೆ ಎಷ್ಟು ಮುಗಿಯಿತು ಎಂಬುದು ಪುಸ್ತಕದಲ್ಲೇ ಕಾಣುತ್ತದೆ. ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ವರ್ಷದ ಬಹುಪಾಲು ನೆಮ್ಮದಿಯ ಕೆಲಸ. ಮೆಕ್ಕೆಜೋಳ ಬರುವ ತಿಂಗಳುಗಳಲ್ಲಿ ಮಾತ್ರ ಉಸಿರಾಡಲು ಬಿಡುವುದಿಲ್ಲ, ಹಾಗಾಗಿ ಸೇರುವುದಾದರೆ ಸುಗ್ಗಿಯ ನಡುವೆ ಬೇಡ, ಅದು ಇಳಿದ ಮೇಲೆ ಸೇರಿ. ಸಂಜೆ ಚೇತರಿಸಿಕೊಳ್ಳುವವರಿಗೆ ಐದರಿಂದ ಏಳೂವರೆಯ ಮನೆಪಾಠ ಹೇಳಿಮಾಡಿಸಿದ್ದು. ಭದ್ರಾ ನಾಲೆಯ ಕಡೆಯ ಹಳ್ಳಿಗಳಲ್ಲಿ ನಾಟಿಗೆ ಗುಂಪಿನ ಜೊತೆ ಹೋಗುವುದನ್ನು ಓದಿದವರು ಕೀಳಾಗಿ ಕಾಣುತ್ತಾರೆ. ಆದರೆ ಜೊತೆಗೆ ಜನ, ಬಿಸಿಲು, ಸಂಜೆಗೆ ಹಸಿರಾದ ಗದ್ದೆ ಮೂರೂ ಇರುವ ಕೆಲಸ ಪೇಟೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಮೊಳಕಾಲ್ಮೂರಿನ ಮಗ್ಗದಲ್ಲಿ ವೇಗ ನಿಮ್ಮದೇ, ಸೀರೆ ಇಂಚಿಂಚಾಗಿ ಬೆಳೆಯುವುದು ಎದುರಿಗೇ ಕಾಣುತ್ತದೆ. ಮುಂಗಡ ತಗೊಂಡು ಕೂತರೆ ಮಾತ್ರ ಆ ವೇಗ ನಿಮ್ಮದಾಗಿ ಉಳಿಯುವುದಿಲ್ಲ.

ಎರಡು ಕೆಲಸಗಳ ಬಗ್ಗೆ ಎಚ್ಚರ, ಯಾಕೆಂದರೆ ಎರಡೂ ಹಗುರವಾಗಿ ಕಾಣುತ್ತವೆ. ಒಂದು ರಾತ್ರಿ ಪಾಳಿಯ ಸೆಕ್ಯುರಿಟಿ. ‘ಸುಮ್ನೆ ಕುಂತ್ರಾತು’ ಎಂದು ಬಂಧುಗಳೇ ಕೊಡಿಸುತ್ತಾರೆ. ಹನ್ನೆರಡು ಗಂಟೆ ಒಬ್ಬರೇ ಕೂತು ಹಳೆಯದನ್ನೇ ಮೆಲುಕು ಹಾಕುವುದು, ಹಗಲಿನ ಅರೆನಿದ್ದೆ. ಖಿನ್ನತೆ ಮರುಕಳಿಸಲು ಇದಕ್ಕಿಂತ ಬೇರೇನು ಬೇಕು? ಇನ್ನೊಂದು, ಕೆಲಸವೇ ಅಲ್ಲದ ಕೆಲಸ: ಕೆಎಎಸ್, ಪಿಎಸ್‌ಐ ತಯಾರಿ ಎಂದು ರೂಮು ಮಾಡಿಕೊಂಡು ವರ್ಷಗಟ್ಟಲೆ ಕೂರುವುದು. ಮುಗಿದದ್ದು ಕಾಣುವುದಿಲ್ಲ, ಪರೀಕ್ಷೆ ಯಾವಾಗಲೋ ಗೊತ್ತಿಲ್ಲ, ಗೆಳೆಯರೊಂದಿಗೆ ಹೋಲಿಕೆ ಮಾತ್ರ ದಿನವೂ ನಡೆಯುತ್ತದೆ. ಬಿಡಲೇಬೇಕು ಅಂತಲ್ಲ. ದಿನಕ್ಕೆ ನಾಲ್ಕು ಗಂಟೆಯ ಯಾವುದಾದರೂ ಸಂಬಳದ ಕೆಲಸ ಜೊತೆಗಿಟ್ಟುಕೊಳ್ಳಿ.

ಮೊದಲ ಮೂರು ತಿಂಗಳು ಮನೆಯಿಂದ ಅರ್ಧ ಗಂಟೆಯೊಳಗಿನ ಕೆಲಸವನ್ನೇ ನೋಡಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರು. ಬಸ್ ಕಾಯುವುದೂ ಸೇರಿ ಹೋಗಿಬರಲು ಮೂರು ಗಂಟೆ ಹೋಗುತ್ತದೆ. ಇರುವ ಅಷ್ಟಿಷ್ಟು ತ್ರಾಣ ಬಸ್ ಸ್ಟ್ಯಾಂಡಿನಲ್ಲೇ ಖರ್ಚಾಗಿಬಿಡುತ್ತದೆ.

ಮಾಲೀಕರ ಹತ್ತಿರ ಏನು ಹೇಳಬೇಕು

ಕಾಯಿಲೆಯ ಹೆಸರು ಹೇಳಲೇಬೇಕಾದ ಕಟ್ಟುಪಾಡಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ಗುಟ್ಟು ಕಾಪಾಡಿಕೊಳ್ಳುವುದು ನಿಮ್ಮ ಹಕ್ಕು. ಆದರೆ ಬೇರೆ ಕಾಯಿಲೆಯ ಹೆಸರಿನಲ್ಲಿ ಸುಳ್ಳು ಹೇಳಬೇಡಿ. ‘ಥೈರಾಯ್ಡು’ ಎಂದು ಹೇಳಿ ಆಮೇಲೆ ಮನೋವೈದ್ಯರ ಸರ್ಟಿಫಿಕೇಟು ಕೊಟ್ಟರೆ ಇದ್ದ ನಂಬಿಕೆಯೂ ಹೋಗುತ್ತದೆ. ನಡುವೆ ಕೆಲಸವಿಲ್ಲದ ವರ್ಷ ಯಾಕೆ ಎಂದು ಕೇಳಿದರೆ ಮೂರೇ ವಾಕ್ಯ ಸಾಕು: ‘ಆರೋಗ್ಯ ಸರಿ ಇರ್ಲಿಲ್ಲ. ಚಿಕಿತ್ಸೆ ತಗೊಂಡೆ. ಈಗ ಕೆಲಸಕ್ಕೆ ಬರಬಲ್ಲೆ.’ ನಾಲ್ಕನೆಯ ವಾಕ್ಯ ಸೇರಿಸಿದರೆ ವಿಚಾರಣೆ ಶುರು.

ಬೇಕಾದ ಅನುಕೂಲವನ್ನು ಹೊತ್ತಿನ ಭಾಷೆಯಲ್ಲೇ ಕೇಳಿ. ‘ಅಣ್ಣಾರೆ, ನಾನು ಹತ್ತೂವರೆಗೆ ಬಂದು ರಾತ್ರಿ ಎಂಟೂವರೆ ತನಕ ಇರ್ತೀನ್ರಿ. ಬಾಗಿಲು ಹಾಕೋ ಜವಾಬ್ದಾರಿ ನಂದು.’ ತಡವಾಗಿ ಬರುವುದಕ್ಕೆ ಬದಲು ಏನು ಕೊಡುತ್ತೀರಿ ಎಂಬುದು ಅದೇ ಉಸಿರಿನಲ್ಲಿ ಬಂದರೆ ಅಂಗಡಿಯವರು ಸಾಮಾನ್ಯವಾಗಿ ತಳ್ಳಿಹಾಕುವುದಿಲ್ಲ. ನಮ್ಮ ಕಡೆ ಕೆಲಸ ಸಿಗುವುದೇ ಗುರುತಿನವರಿಂದ, ಅದರಲ್ಲೂ ಸೋದರಮಾವನ ಅಂಗಡಿಯಂಥ ಕಡೆ. ಅಲ್ಲಿ ಹೊತ್ತು, ಸಂಬಳ ಎರಡನ್ನೂ ಮೊದಲ ದಿನವೇ ಬಾಯಿಬಿಟ್ಟು ಮಾತಾಡಿ. ಸಂಕೋಚಕ್ಕೆ ಸುಮ್ಮನಾದರೆ ‘ಮನೆ ಹುಡ್ಗ’ ಎಂಬ ಹೆಸರಿನಲ್ಲಿ ಹದಿಮೂರು ಗಂಟೆ ದುಡಿಯಬೇಕಾಗುತ್ತದೆ, ಬಿಟ್ಟರೆ ಸಂಬಂಧವೂ ಕೆಡುತ್ತದೆ.

ಏರಿಸುವುದು, ಇಳಿಸುವುದು

ಸಾಧ್ಯವಾದರೆ ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ನಾಲ್ಕು ದಿನದಿಂದ ಶುರುಮಾಡಿ. ಎರಡು ವಾರಕ್ಕೊಮ್ಮೆ ದಿನಕ್ಕೆ ಒಂದು ಗಂಟೆ ಸೇರಿಸಿ. ನೋಟ್‌ಬುಕ್ ಬರೆಯುವುದನ್ನು ಕೆಲಸಕ್ಕೆ ಸೇರಿದ ಮೇಲೂ ಮುಂದುವರಿಸಿ. ಮೂರು ದಿನ ಸತತವಾಗಿ ನಿದ್ದೆ ಕೆಟ್ಟರೆ ಅಥವಾ ತ್ರಾಣದ ಅಂಕ ಎರಡು ಕುಸಿದರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ, ಕೆಲಸ ಬಿಡಬೇಡಿ. ಕೆಟ್ಟ ವಾರಕ್ಕಿಂತ ಅಪಾಯ ಒಳ್ಳೆಯ ವಾರದ್ದು. ಹುಮ್ಮಸ್ಸು ಬಂತೆಂದು ಡಬಲ್ ಪಾಳಿ ಒಪ್ಪಿಕೊಂಡವರು ಮುಂದಿನ ವಾರ ಮಲಗುತ್ತಾರೆ. ಕೆಲಸ ಸಿಕ್ಕಿದ ಖುಷಿಯಲ್ಲಿ ಮಾತ್ರೆ ಬಿಡುವುದು ಇದರ ಅಣ್ಣ. ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಬೇಕು. ಒಮ್ಮೆಗೇ ನಿಲ್ಲಿಸಿದರೆ ತಲೆಸುತ್ತು, ಮೈಯಲ್ಲಿ ಕರೆಂಟು ಹೊಡೆದಂಥ ಜುಮ್ಮು ಬರಬಹುದು.

ಕೆಲಸ ಮನಸ್ಸಿಗೆ ಹಿಡಿಸಿತೋ ಇಲ್ಲವೋ ಎಂಬ ತೀರ್ಪು ಎಂಟನೆಯ ವಾರಕ್ಕೆ ಮುಂಚೆ ಬೇಡ. ಆಗ ನೋಟ್‌ಬುಕ್ಕಿನ ಕೊನೆಯ ಕಾಲಮ್ಮಿನ ಅಂಕಗಳನ್ನು ಮೊದಲ ವಾರದವುಗಳ ಪಕ್ಕ ಇಟ್ಟು ನೋಡಿ. ತೃಪ್ತಿ ಒಂದರಿಂದ ಮೂರಕ್ಕೆ ಬಂದಿದ್ದರೂ ಕೆಲಸ ಸರಿಯಾದ ದಿಕ್ಕಿನದೇ. ತ್ರಾಣ ಏರಿದರೂ ತೃಪ್ತಿ ಸೊನ್ನೆಯಲ್ಲೇ ಇದ್ದರೆ ಬೇರೆ ಹುಡುಕಿ, ಆದರೆ ಇದರಲ್ಲಿದ್ದುಕೊಂಡೇ ಹುಡುಕಿ. ತರಬೇತಿ ಬೇಕೆನ್ನುವವರಿಗೆ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆ ಇದೆ. ಸ್ವಂತ ಉದ್ಯೋಗಕ್ಕೆ ಊಟ, ವಸತಿ ಸಹಿತ ಉಚಿತವಾಗಿ ಕಲಿಸುತ್ತಾರೆ. ಹೊತ್ತಿಗೆ ಸರಿಯಾಗಿ ಎದ್ದು ಜನರ ನಡುವೆ ಕಲಿಯುವುದೇ ಅರ್ಧ ಅಭ್ಯಾಸವಾಗುತ್ತದೆ.

ಕಾಗದಪತ್ರದ ವಿಷಯದಲ್ಲಿ ಎರಡು ಮಾತು. ಸಂಬಳದ ಚೀಟಿಯಲ್ಲಿ ಶೇ 0.75 ಇಎಸ್‌ಐಗೆ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ಅದನ್ನು ಬಳಸಿ. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದವರಿಗೆ, ಅದಕ್ಕೆ ತಕ್ಕ ಸೌಲಭ್ಯದ ಅವಧಿಯಲ್ಲಿ ಇಎಸ್‌ಐ ವೈದ್ಯರ ಸರ್ಟಿಫಿಕೇಟಿನ ಮೇಲೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70 ಸಿಗುತ್ತದೆ. ಖಿನ್ನತೆಯನ್ನು ಹೊರಗಿಟ್ಟಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ, ಆದರೆ ಸರ್ಕಾರಿ ಕೆಲಸದ ಮೀಸಲಾತಿಗೆ ಅಂಗವೈಕಲ್ಯ ಕನಿಷ್ಠ ಶೇ 40 ಇರಬೇಕು. ಖಿನ್ನತೆಯ ಎಲ್ಲರಿಗೂ ಅಷ್ಟು ಬರುವುದಿಲ್ಲ. ಈಗಾಗಲೇ ಸರ್ಕಾರಿ ಕೆಲಸದಲ್ಲಿರುವವರು ರಾಜೀನಾಮೆ ಬರೆಯುವ ಮುಂಚೆ ಅದೇ ಕಾಯ್ದೆಯ 20ನೇ ಸೆಕ್ಷನ್ ಓದಿಸಿಕೊಳ್ಳಿ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂತೆಂದು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ.

ಕೊನೆಗೆ ವಾರದ ರಜೆ. ಎಲ್ಲರೂ ಭಾನುವಾರ ಕೇಳುತ್ತಾರೆ. ನೀವು ಮಂಗಳವಾರವನ್ನೋ ಬುಧವಾರವನ್ನೋ ಕೇಳಿ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ ಭಾನುವಾರ ಮುಚ್ಚಿರುತ್ತದೆ, ಉಳಿದ ದಿನ ಚೀಟಿ ಕೊಡುವುದು ಬೆಳಿಗ್ಗೆ. ಭಾನುವಾರ ರಜೆ ಪಡೆದವರು ಮಾತ್ರೆ ತರಲು ತಿಂಗಳಿಗೊಮ್ಮೆ ಅರ್ಧ ದಿನ ಸುಳ್ಳು ಹೇಳಬೇಕಾಗುತ್ತದೆ, ಎರಡು ಸಲ ಹೇಳಿ ಮೂರನೆಯ ತಿಂಗಳು ಹೋಗುವುದನ್ನೇ ಬಿಡುತ್ತಾರೆ. ಸ್ಟ್ರಿಪ್ಪಿನಲ್ಲಿ ಐದು ಮಾತ್ರೆ ಉಳಿದಿರುವಾಗಲೇ ಆ ವಾರದ ರಜೆಯನ್ನು ಆಸ್ಪತ್ರೆಗೆಂದು ಗುರುತು ಹಾಕಿಟ್ಟುಕೊಳ್ಳಿ.